ಗೋಡೆಯ ತುದಿಯಲ್ಲಿ ಬೂಟು ತೊಳೆಯುವ ಯೊಲಾನಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋಡೆ ಮುಗಿಯುವ ಜಾಗದಲ್ಲಿ, ಯಾರೋ ಎಸೆದ ಹಳೆಯ ಬಾಗಿಲುಗಳನ್ನು ಜೋಡಿಸಿ ಕಟ್ಟಿದ ಗೂಡಿನಲ್ಲಿ ಯೊಲಾನಾ ಅಂಗಿಯ ತೋಳು ಮೇಲೇರಿಸಿ ಕೂತಿದ್ದಾರೆ. ಮುಂದೆ ಬಕೆಟ್ಟು, ಬ್ರಶ್ಶು, ಸಾಬೂನು. ಬೀಟ್‌ರೂಟ್ ಹೊಲದ ಕಡೆಯಿಂದ ಪಚಕ್ ಪಚಕ್ ಎಂದು ಕೆಸರು ತುಳಿಯುವ ಸದ್ದು ಹತ್ತಿರವಾಗುತ್ತಿದೆ.

"ಯೊಲಾನಾ ಅತ್ತೆ, ಬೇಗ ಬೇಗ! ಶಾಲೆ ಬೆಲ್ ಹೊಡೆದುಬಿಡುತ್ತೆ" ಎಂದು ಒಂಬತ್ತು ವರ್ಷದ ಸಬಿನ್ಕಾ ಓಡಿಬಂದು ಬೆಂಚಿನ ಮೇಲೆ ಕುಕ್ಕರಿಸುತ್ತಾಳೆ.

"ಕಾಲು ಕೊಡೇ ಮೊದಲು. ಅಯ್ಯೋ, ಅರ್ಧ ಹೊಲನೇ ಹೊತ್ಕೊಂಡು ಬಂದಿದೀಯಲ್ಲೇ!"

ಗಂಬೂಟು ಕಳಚಿ ಪಕ್ಕಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಚೀಲದಿಂದ ಒಣಗಿದ ಶೂ ಹೊರಬರುತ್ತದೆ. ಹುಡುಗಿ ಅದನ್ನು ತೊಟ್ಟು ಡಾಂಬರು ರಸ್ತೆಗೆ ಜಿಗಿದು ಓಡುತ್ತಾಳೆ. ಸಂಜೆ ಅವಳು ಬರುವ ಹೊತ್ತಿಗೆ ಗಂಬೂಟು ತೊಳೆದು, ಒರೆಸಿ, ಒಲೆಯ ಪಕ್ಕ ಬೆಚ್ಚಗಾಗಿ ಕಾದಿರುತ್ತದೆ. ಒಂದೇ ಜೋಡಿ ಇರುವವರಿಗೆ ಅಲ್ಲೇ ತೊಳೆದು, ಹಳೆಯ ಟವೆಲಿನಲ್ಲಿ ತಿಕ್ಕಿ ಒಣಗಿಸಿ ಕೊಡುತ್ತಾರೆ. ಮಳೆಗಾಲದಲ್ಲಿ ದಿನಕ್ಕೆ ಅರವತ್ತು ಜೋಡಿಯವರೆಗೂ ಆಗುತ್ತದಂತೆ.

ಪೂರ್ವ ಸ್ಲೊವಾಕಿಯಾದ ಯಾಲ್ಶೊವೆಟ್ಸ್ ಪಟ್ಟಣದಲ್ಲಿ, ಹೊರಗಿನವರು ಜಿಪ್ಸಿಗಳೆಂದು ಕರೆಯುವ ರೋಮಾ ಜನರ ಕೇರಿಗೂ ಊರಿಗೂ ಹಿಂದೆ ಒಂದು ರಸ್ತೆಯಷ್ಟೇ ಅಂತರವಿತ್ತು. ಐದು ವರ್ಷದ ಹಿಂದೆ ನಡುವೆ ಆಳೆತ್ತರಕ್ಕಿಂತ ಎತ್ತರದ ಗೋಡೆ ಬಂತು. ಮೊದಲು ಗದ್ದಲ ತಡೆಯಲು ಎಂದರು, ಆಮೇಲೆ ಕಳ್ಳತನ ತಡೆಯಲು ಎಂದರು, ಕೊನೆಗೆ ಊರಿನ ಅಂದಕ್ಕೆ ಎಂದರು. ಕಾರಣ ಬದಲಾಗುತ್ತಾ ಹೋಯಿತು, ಗೋಡೆ ಮಾತ್ರ ಅಲ್ಲೇ ನಿಂತಿತು. ಈಗ ಶಾಲೆಗೆ, ಡಾಕ್ಟರ ಹತ್ತಿರಕ್ಕೆ, ಕೆಲಸಕ್ಕೆ, ಎಲ್ಲಿಗೇ ಹೋಗಬೇಕಾದರೂ ಹೊಲದ ಕೆಸರು ತುಳಿದು ಸುತ್ತಿ ಬರಬೇಕು.

ಕಾಲಿಗೆ ಕೆಸರು ಮೆತ್ತಿದವರ ವಿಳಾಸವನ್ನು ಊರಿನಲ್ಲಿ ಯಾರೂ ಕೇಳುವುದಿಲ್ಲ, ಕೇರಿಯವರೆಂದು ಕೆಸರೇ ಹೇಳುತ್ತದೆ. ಅಂಗಡಿಯ ಕಾವಲುಗಾರ ಬೆನ್ನು ಹತ್ತುತ್ತಾನೆ. ಕೆಲಸ ಕೇಳಲು ಹೋದರೆ ಜಾಗ ಆಗಲೇ ತುಂಬಿರುತ್ತದೆ. ಯೊಲಾನಾರ ಮಗಳು ರೇನಾಟಾಳನ್ನು ಶಾಲೆಯಲ್ಲಿ ಹಿಂದಿನ ಬೆಂಚಿಗೆ ಕಳಿಸಿ, ಕಾಲ ಕೆಳಗೆ ಪೇಪರ್ ಹಾಸಿದ್ದರು.

"ನಾಯಿಮರಿಗೆ ಹಾಸ್ತಾರಲ್ಲ, ಹಾಗೆ" ಎನ್ನುತ್ತಾರೆ ಯೊಲಾನಾ. "ಹೊಟ್ಟೆ ಉರಿದುಹೋಯ್ತು ನಂಗೆ. ಗೋಡೆ ಕೆಡವೋ ಶಕ್ತಿ ನನಗೆಲ್ಲಿದೆ? ಬೂಟು ತೊಳೆಯೋಕೆ ಬರುತ್ತೆ. ಮಾರನೇ ದಿನನೇ ಬಕೆಟ್ ತಗೊಂಡು ಬಂದು ಕೂತೆ."

ಗಂಡ ಗೇಜಾ ಬೆಳಿಗ್ಗೆ ಕೈಪಂಪಿನಿಂದ ನೀರು ತಂದು ಸುರಿದು, ಹೆಂಡತಿಯನ್ನು ರೇಗಿಸದೆ ಹೋಗುವವರಲ್ಲ. "ಊರವರ ಕಾಲೆಲ್ಲ ಹಿಡೀತಾಳೆ. ಮನೇಲಿ ನನ್ನ ಕಾಲು ಒತ್ತು ಅಂದ್ರೆ ಮಾತ್ರ ಸುಸ್ತು!"

"ನಿಮ್ಮ ಕಾಲಿಗೆ ಸಾಬೂನು ಸಾಲಲ್ಲ, ಹೋಗ್ರೀ" ಎಂದು ಅವರೂ ಬಿಡುವುದಿಲ್ಲ.

ಆದರೆ ಈ ಕೆಲಸಕ್ಕೆ ಯೊಲಾನಾ ತೆತ್ತ ಬೆಲೆ ಬೇರೆಯದೇ ಇದೆ. ರೋಮಾ ಮನೆಗಳ ಮಡಿ ಎಂಥದ್ದೆಂದು ಗೋಡೆಯ ಆಚೆಯವರಿಗೆ ಗೊತ್ತಿಲ್ಲ. ಮುಖ ತೊಳೆಯುವ ಬೋಗುಣಿ ಬೇರೆ, ಬಟ್ಟೆಯದು ಬೇರೆ, ಅಡುಗೆಯದು ಬೇರೆ. ಕಾಲಿಗೆ ಸೋಕಿದ್ದು ಊಟಕ್ಕೆ ಸೋಕಬಾರದು. ಇವರನ್ನು ಕೊಳಕರು ಎನ್ನುವವರ ಮನೆಯಲ್ಲಿ ಕಾಲುಚೀಲವೂ ತಟ್ಟೆ ಒರೆಸುವ ಬಟ್ಟೆಯೂ ಒಂದೇ ಯಂತ್ರದಲ್ಲಿ ತಿರುಗುತ್ತವೆ. ಅದನ್ನು ಕೇಳಿದರೆ ಕೇರಿಯ ಹೆಂಗಸರು ಥೂ ಎಂದು ಮುಖ ಸಿಂಡರಿಸುತ್ತಾರೆ.

ಮೂರು ಚಳಿಗಾಲದ ಹಿಂದೆ ಒಂದು ಬೆಳಿಗ್ಗೆ ಬಕೆಟ್ಟಿನ ನೀರು ಹೆಪ್ಪುಗಟ್ಟಿ ಬಕೆಟ್ಟೇ ಸೀಳಿಹೋಯಿತು. ಮಕ್ಕಳು ಸಾಲಾಗಿ ನಿಂತಿದ್ದರು, ಅಂದು ಪರೀಕ್ಷೆ. ಯೊಲಾನಾ ಮನೆಗೆ ಓಡಿ, ಕತ್ತಲಲ್ಲಿ ಕೈಗೆ ಸಿಕ್ಕಿದ ಬೋಗುಣಿ ತಂದು ತೊಳೆಯಲು ಕೂತರು. ಬೆಳಕು ಬಂದಾಗ ನೋಡಿದರೆ, ಅದು ಹಿಟ್ಟು ನಾದುವ ನೀಲಿ ಬೋಗುಣಿ!

"ಎದೆ ಧಸಕ್ ಅಂತು. ಆದ್ರೆ ಮಕ್ಕಳನ್ನ ಅರ್ಧಕ್ಕೆ ಬಿಡೋಕಾಗುತ್ತಾ? ತೊಳೆದು ಮುಗಿಸ್ದೆ."

ಆ ಬೋಗುಣಿ ಮತ್ತೆ ಮನೆ ಸೇರಲಿಲ್ಲ. ಎಲ್ಲರಿಗೂ ಕಾಣಲಿ ಎಂದು ಗೋಡೆಗೇ ಮೊಳೆ ಹೊಡೆದು ನೇತುಹಾಕಿದರು. ಏನು ಮಾಡಿದರೇನು, ಮಾತು ಅಷ್ಟರಲ್ಲಿ ಕೇರಿ ಸುತ್ತಿತ್ತು. ಬೂಟು ಕೊಡುವವರೇ ಅವರ ಮನೆಯ ಕಾಫಿ ಮುಟ್ಟದಾದರು. ಹಂದಿಯ ಕರುಳಿಗೆ ಆಲೂಗಡ್ಡೆ ತುಂಬಿ ಮಾಡುವ ಗೋಯ ಇಲ್ಲದೆ ಇಲ್ಲಿ ಹಬ್ಬವಿಲ್ಲ. ಕರುಳು ತೊಳೆದ ಕೈ ಯಾರದೆಂದು ತಿಳಿಯದೆ ಅದನ್ನು ಯಾರೂ ಬಾಯಿಗಿಡುವುದಿಲ್ಲ. ಒಂದು ಕಾಲಕ್ಕೆ ಆ ಕೆಲಸಕ್ಕೆ ಮೊದಲು ಕರೆ ಬರುತ್ತಿದ್ದುದು ಯೊಲಾನಾರಿಗೆ. ಆಮೇಲೆ ಮೂರು ವರ್ಷ ಯಾರ ಮದುವೆಗೂ, ಯಾರ ನಾಮಕರಣಕ್ಕೂ ಅಡುಗೆಗೆ ಕರೆಯಲಿಲ್ಲ.

"ಹೋಗಿ ಊಟ ಮಾಡಿ ಬರ್ತಿದ್ದೆ. ಅಡುಗೆಮನೆ ಕಡೆ ಮಾತ್ರ ತಿರುಗ್ತಿರ್ಲಿಲ್ಲ. ಅಳು ಬರ್ತಿತ್ತು. ಬೆಳಿಗ್ಗೆ ಎದ್ದು ಮತ್ತೆ ಇಲ್ಲಿಗೇ ಬರ್ತಿದ್ದೆ."

ಎಲ್ಲರಿಗಿಂತ ಬಿಗಿ ಹಿಡಿದವರು ಕೇರಿಯ ಹಿರಿಯಜ್ಜಿ ವಿಲ್ಮಾ. ಯೊಲಾನಾರ ಬೆಂಚಿನ ಮುಂದೆಯೇ ಕೆಸರು ಕಾಲಲ್ಲಿ ನೇರ ನಡೆದುಹೋಗುತ್ತಿದ್ದವರು. ಈ ಬುಧವಾರ ಅದೇ ಅಜ್ಜಿ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಮರಿಮಗನ ನಾಮಕರಣಕ್ಕೆ ಪಾದ್ರಿಯನ್ನು ಕಾಣಲು ಹೋದರೆ, ಕೆಸರು ನೋಡಿ ಬಾಗಿಲಲ್ಲೇ ನಿಲ್ಲಿಸಿದ್ದರಂತೆ.

"ಏನು ನೋಡ್ತಾ ಕೂತೆ? ತೊಳಿ" ಎಂದು ಕಾಲು ಚಾಚುತ್ತಾರೆ.

ಯೊಲಾನಾ ತೊಳೆಯುತ್ತಾರೆ. ಬೂಟಿನ ಮೇಲಕ್ಕೆ ಒಂದು ಬ್ರಶ್ಶು, ಅಟ್ಟೆಗೆ ಇನ್ನೊಂದು. ಮುಗಿದ ಮೇಲೆ ಏಪ್ರನ್ ಬಿಚ್ಚಿ ಅಲ್ಲೇ ಮೊಳೆಗೆ ಹಾಕಿ, ಬೇರೆ ತಂಬಿಗೆಯ ನೀರಲ್ಲಿ ಮೊಣಕೈವರೆಗೂ ಸಾಬೂನು ಹಚ್ಚಿ ಕೈ ತೊಳೆಯುತ್ತಾರೆ. ಅಜ್ಜಿ ಕಣ್ಣು ಕೀಳದೆ ನೋಡುತ್ತಾರೆ. ಗೋಡೆಯ ಮೇಲಿನ ನೀಲಿ ಬೋಗುಣಿಯನ್ನೂ ನೋಡುತ್ತಾರೆ.

"ದಿನಾ ಹೀಗೇ ತೊಳೀತೀಯಾ?"

"ದಿನಾ ಹೀಗೇ, ಅಜ್ಜಿ."

"ಹೂಂ. ಶನಿವಾರ ಬಾ, ಕರುಳು ತೊಳೆಯೋದಿದೆ. ಬೋಗುಣಿ ಮಾತ್ರ ನಂದೇ, ಗೊತ್ತಾಯ್ತಾ?"

ಅಜ್ಜಿ ಗೋಡೆಯ ತುದಿ ದಾಟಿ ಮರೆಯಾಗುವವರೆಗೂ ತಡೆದುಕೊಂಡಿದ್ದ ಯೊಲಾನಾ, ಆಮೇಲೆ ಬೆಂಚಿನ ಮೇಲೆ ಕೂತು ಗಳಗಳ ಅತ್ತುಬಿಡುತ್ತಾರೆ. ಗೇಜಾ ಅಂದು ರೇಗಿಸುವುದನ್ನು ಬಿಟ್ಟು ಇನ್ನಷ್ಟು ನೀರು ತರಲು ಹೋಗುತ್ತಾರೆ.

ಭಾನುವಾರ ನಾಮಕರಣದ ಊಟಕ್ಕೆ ಕೇರಿಯ ಅಂಗಳದಲ್ಲಿ ಮೇಜು ಹಾಕಿದ್ದಾರೆ, ಪಿಟೀಲು ಶ್ರುತಿಯಾಗುತ್ತಿದೆ. ಯೊಲಾನಾ ಹೊಗೆಯಾಡುವ ಗೋಯದ ತಟ್ಟೆ ತಂದಾಗ ಎಲ್ಲರ ಕಣ್ಣೂ ವಿಲ್ಮಾ ಅಜ್ಜಿಯ ಮೇಲೆ. ಅಜ್ಜಿ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತಾರೆ.

"ಉಪ್ಪು ಕಮ್ಮಿ" ಎನ್ನುತ್ತಾರೆ. ತಮ್ಮ ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚುತ್ತಾರೆ.

ಆಮೇಲೆ ತಟ್ಟೆ ಖಾಲಿಯಾಗಲು ಹೊತ್ತಾಗಲಿಲ್ಲ. ಪತ್ರಿಕೆಗೆ ಏನು ಬರೆಯೋಣ, ಗೋಡೆ ಕೆಡವಬೇಕು ಅಂತಲೇ? ಎಂದು ನಾವು ಕೇಳಿದರೆ ಯೊಲಾನಾ ಕೈ ಒರೆಸಿಕೊಂಡು ನಗುತ್ತಾರೆ.

"ಅದನ್ನೂ ಬರೀರಿ, ಬಿದ್ರೆ ನಾನೇ ಮೊದಲು ಕುಣೀತೀನಿ. ಆದ್ರೆ ಮೊದಲು ಇದನ್ನ ಬರ್ಕೊಳ್ಳಿ: ವಿಲ್ಮಾ ಅಜ್ಜಿ ಯೊಲಾನಾ ಕೈಯಿಂದ ಗೋಯ ತಿಂದ್ರು. ಎರಡು ಸಲ ಹಾಕಿಸ್ಕೊಂಡ್ರು."