‘ಲಭ್ಯವಿಲ್ಲ’ ಎನ್ನಲು ಒಪ್ಪದ ಕೈ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಸಚಿವಾಲಯದ ನೆಲಮಾಳಿಗೆಯಲ್ಲಿ ದಾಖಲೆ ಕೊಠಡಿಯ ಕಬ್ಬಿಣದ ಬಾಗಿಲು ಕಿರುಗುಟ್ಟುತ್ತದೆ. ಒಳಗೆ ಬಂದ ಹೆಂಗಸು ದೀಪ ಹಾಕಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಏಣಿ ಹತ್ತುತ್ತಾರೆ. ಇಲಾಖೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಕಡತದಕ್ಕ’ ಎಂದೇ.

ಹನ್ನೊಂದಕ್ಕೆ ಸದನ ಸೇರುತ್ತದೆ. ಸಂಸತ್ ಸದಸ್ಯೆಯೊಬ್ಬರ ಪ್ರಶ್ನೆ ಹೀಗಿದೆ: ಎಂಟು ವರ್ಷದ ಹಿಂದೆ ನಡೆದ ಕುಡಿಯುವ ನೀರಿನ ತಪಾಸಣೆಯ ವರದಿ ಸರ್ಕಾರದ ಬಳಿ ಇದೆಯೇ? ಇದ್ದರೆ, ಪ್ರತಿ ಕೇಳಿದ ಶಾಲಾ ಶಿಕ್ಷಕಿಗೆ ಏಕೆ ಕೊಟ್ಟಿಲ್ಲ?

ಶಿಕ್ಷಕಿ ಅರ್ಜಿ ಹಾಕಿದ ವಾರ ಅಕ್ಕ ರಜೆಯಲ್ಲಿದ್ದರು. ಗುಮಾಸ್ತರೊಬ್ಬರು ಕಡತಗಳ ಪಟ್ಟಿ ಪುಸ್ತಕದಲ್ಲಿ ನಮೂದಾದ ಜಾಗದಲ್ಲಿ ಒಮ್ಮೆ ಕೈಯಾಡಿಸಿ, ‘ಲಭ್ಯವಿಲ್ಲ’ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಈಗ ಅದೇ ಮಾತನ್ನು ಮಂತ್ರಿಗಳು ಸದನಕ್ಕೆ ಹೇಳಲಿದ್ದಾರೆ. ಅದಕ್ಕೆ ಬೇಕಿರುವುದು ಅಕ್ಕನ ಸಹಿ.

“ನಿನ್ನೆ ಸಂಜೆ ಶಾಖಾಧಿಕಾರಿ ಬಂದು, ‘ಸಹಿ ಹಾಕಿ ಅಕ್ಕಾ, ಇಲ್ಲದ್ದನ್ನ ಇಲ್ಲ ಅನ್ನೋಕೆ ಎಷ್ಟೊತ್ತು ಬೇಕು?’ ಅಂದ್ರು. ‘ಇಲ್ಲ ಅನ್ನೋಕೆ ಮುಂಚೆ ಇಲ್ಲ ಅಂತ ಗೊತ್ತಾಗ್ಬೇಕಲ್ಲ ಸಾರ್’ ಅಂದೆ. ಮುಖ ಊದಿಸ್ಕೊಂಡು ಹೋದ್ರು” ಎಂದು ಅಕ್ಕ ಏಣಿಯ ಮೇಲಿಂದಲೇ ನಮ್ಮ ಪತ್ರಿಕೆಗೆ ಹೇಳುತ್ತಾರೆ.

ಇಪ್ಪತ್ತಾರು ವರ್ಷದ ಹಿಂದೆ ಕಸ ಗುಡಿಸಲು ಸೇರಿದವರು ಇವರು. ಸಂಜೆ ಕಾಲೇಜಿನಲ್ಲಿ ಓದಿ, ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಪದವಿ ಪಡೆದರು. ಈಗ ಹದಿನಾರು ಸಾಲು ಕಪಾಟು, ಒಂಬತ್ತು ಸಾವಿರ ಕಟ್ಟು ಇವರ ಸುಪರ್ದಿಯಲ್ಲಿವೆ. ದಿನಕ್ಕೆ ನಲವತ್ತು ಕಡತ ಹೊರಗೆ ಹೋಗುತ್ತವೆ. ಅಧಿವೇಶನವಿದ್ದರೆ ನೂರು ದಾಟುತ್ತದೆ. ದೂಳಿಗೆ ಕೆಮ್ಮು ಅಂಟಿಕೊಂಡಿದೆ, ಏಣಿ ಹತ್ತಿಳಿದು ಮಂಡಿ ಸವೆದಿದೆ. ಮನೆ ತಲುಪಿದ ಮೇಲೂ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ ಬಿಡುವುದಿಲ್ಲ.

“ಸರ್ಕಾರದ ಕಾಗದ ಎಲ್ಲಾ ಇವಳಿಗೆ ಸಿಗತ್ತೆ, ನನ್ನ ಅಳತೆ ಟೇಪು ಮಾತ್ರ ಸಿಗಲ್ಲ” ಎಂದು ದರ್ಜಿ ಕೆಲಸದ ಗಂಡ ಕಾಲೆಳೆಯುತ್ತಾರೆ.

“ಅದು ನಿಮ್ಮ ಕುತ್ತಿಗೇಲೇ ಇರತ್ತಲ್ರೀ!”

ನೀರಿನ ವರದಿ ಇರಬೇಕಾದದ್ದು ಹದಿನಾರನೆಯ ಸಾಲಿನ ಮೇಲಿನ ಹಲಗೆಯಲ್ಲಿ. ಅಲ್ಲಿಂದ ಎಳೆದ ಕಟ್ಟಿನ ಚೀಟಿ ಓದುತ್ತಲೇ ಅಕ್ಕನ ಮುಖ ಬಿಳುಚಿಕೊಳ್ಳುತ್ತದೆ. ಅದು ಇಪ್ಪತ್ತು ವರ್ಷ ಹಳೆಯದು, ತೀರಾ ಕೆಳಗಿರಬೇಕಾದದ್ದು. ಹೋದ ವರ್ಷ ಗೋಡೆಗೆ ಬಣ್ಣ ಬಳಿಯುವಾಗ ಕಟ್ಟುಗಳನ್ನೆಲ್ಲ ಹೊರಗಿಳಿಸಿ ರಾಶಿ ಹಾಕಿದ್ದರು. ತಿರುಗಿ ಒಳಗಿಟ್ಟಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಸೇರಿಕೊಂಡವು. ಹದಿನೈದು ಸಾಲನ್ನು ಅಕ್ಕ ತಾವೇ ಸರಿಪಡಿಸಿದ್ದರು. ಹದಿನಾರನೆಯದರ ಹೊತ್ತಿಗೆ ಬೆನ್ನು ಸೋತು, ನೋಡದೆಯೇ ‘ಸರಿಯಿದೆ’ ಎಂದು ಸಹಿ ಹಾಕಿಬಿಟ್ಟಿದ್ದರು.

ಏಣಿ ಇಳಿದು ನೆಲದ ಮೇಲೆ ಕೂರುತ್ತಾರೆ. ಕೆಳಗಿನ ಹಲಗೆಯ ಕಟ್ಟುಗಳನ್ನು ಒಂದೊಂದಾಗಿ ಎಳೆದು ಚೀಟಿ ಓದುತ್ತಾರೆ. ಏಳನೆಯದರ ಗಂಟು ಬಿಚ್ಚುತ್ತಾರೆ. ವರದಿ ಇದೆ! ನಲವತ್ತೆರಡು ಪುಟ, ಒಂದೂ ಹರಿದಿಲ್ಲ.

“ಸದ್ಯ! ಬದುಕಿದೆ” ಎಂದು ಗೋಡೆಗೆ ಒರಗುತ್ತಾರೆ. ನಗುತ್ತಾರೆ, ಕೆಮ್ಮುತ್ತಾರೆ, ಮತ್ತೆ ನಗುತ್ತಾರೆ. ಎಷ್ಟೋ ಹೊತ್ತು ಏಳುವುದೇ ಇಲ್ಲ.

ಒಂಬತ್ತೂವರೆಗೆ ಉತ್ತರ ಬದಲಾಗುತ್ತದೆ: ‘ವರದಿ ಇದೆ, ಅರ್ಜಿದಾರರಿಗೆ ಪ್ರತಿಯನ್ನು ಇಂದೇ ಕಳುಹಿಸಲಾಗುವುದು.’ ಶಾಖಾಧಿಕಾರಿ ತಾವೇ ಚಹಾ ಹಿಡಿದು ಮೆಟ್ಟಿಲಿಳಿದು ಬರುತ್ತಾರೆ. “ಮಾನ ಉಳಿಸಿದ್ರಿ ಅಕ್ಕಾ! ಇಡೀ ಸದನಕ್ಕೆ ಸುಳ್ಳು ಹೇಳಿಸಿಬಿಡ್ತಿದ್ವಿ.”

ಪತ್ರಿಕೆಯಲ್ಲಿ ಏನೆಂದು ಬರೆಯೋಣ ಎಂದು ಕೇಳಿದರೆ ಅಕ್ಕ ಲೋಟ ಕೆಳಗಿಟ್ಟು ಯೋಚಿಸುತ್ತಾರೆ.

“ಹುಡುಕಿದ್ದು ನಾನು ಅಂತ ಬರೀರಿ, ಬೇಡ ಅನ್ನಲ್ಲ. ಆದ್ರೆ ನೋಡದೆ ಸಹಿ ಹಾಕಿದ್ದೂ ನಾನೇ ಅಂತ ಪಕ್ಕದಲ್ಲೇ ಬರೀರಿ. ನಾಳೆ ಯಾರಾದ್ರೂ ಈ ಸುದ್ದೀನ ಹುಡುಕ್ಕೊಂಡು ಬಂದ್ರೆ, ಪೂರ್ತಿ ಸಿಗಬೇಕು.”