ಬ್ಯಾಟರಿಯ ಮೇಲೆ ಹೊರಿಸಿದ ತಪ್ಪು

ಅಕ್ಕನ ಬಲಗಿವಿಯ ಹಿಂದಿನ ಮೂಳೆಯ ಮೇಲೆ ಸದಾ ಒಂದು ಕಪ್ಪು ಬೊಟ್ಟು ಇರುತ್ತಿತ್ತು. ಗೊತ್ತಿಲ್ಲದವರು ಅದನ್ನು ದೃಷ್ಟಿಬೊಟ್ಟು ಅಂದುಕೊಳ್ಳುತ್ತಿದ್ದರು. ಐವತ್ತು ದಾಟಿದ ಹೆಂಗಸಿಗೆ ದೃಷ್ಟಿಬೊಟ್ಟು ಇಡುವವರು ಯಾರು? ಅದು ಗ್ರೀಸು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಡಾಕ್ಟರು ಎದೆಬಡಿತ ಕೇಳುವ ಹಾಗೆ ಕೇಳುತ್ತಿದ್ದಳು. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಬೊಟ್ಟು ಪೂರಾ ಹೋಗುತ್ತಿರಲಿಲ್ಲ.

ನಮ್ಮಪ್ಪ ರಾಮಕೃಷ್ಣನಗರದಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡು ಗಾಡಿಗಳ ವೈರಿಂಗು, ಡೈನಮೋ, ಸೆಲ್ಫ್ ಮೋಟಾರು ರಿಪೇರಿ ಮಾಡುತ್ತಿದ್ದರು. ತಾಮ್ರದ ತಂತಿ ಸುತ್ತುವುದಕ್ಕೆ ಸಣ್ಣ ಬೆರಳು ಬೇಕು ಎಂದು ಐದನೇ ಕ್ಲಾಸಿಗೇ ಅಕ್ಕನನ್ನು ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಏಳನೇ ಕ್ಲಾಸಿನವರೆಗೆ ಹೋದೆ. ಓದು ಹತ್ತಲಿಲ್ಲ. ಸೀಟ್ ಕವರು, ಕಾರಿನ ಹೊದಿಕೆ ಹೊಲಿಯುವುದನ್ನು ಕಲಿತೆ. ಅಪ್ಪ ಹೋದ ಮೇಲೆ ಅಂಗಡಿ ಅಕ್ಕನದಾಯಿತು. ಮೊದಮೊದಲು ಬಂದವರು ಅವಳನ್ನು ದಾಟಿ ಒಳಗೆ ಇಣುಕಿ, "ಮೇಸ್ತ್ರಿ ಇಲ್ವೇನಮ್ಮ?" ಎಂದು ಕೇಳುತ್ತಿದ್ದರು.

"ಇದಾರೆ, ನೀವು ಬಾನೆಟ್ ಎತ್ತಿ" ಎನ್ನುತ್ತಿದ್ದಳು ಅಕ್ಕ.

ಅವಳ ಹತ್ತಿರ ಬರುತ್ತಿದ್ದವರಲ್ಲಿ ಹೆಚ್ಚಿನವರು ಕೆಲಸದಿಂದ ನಿವೃತ್ತರಾದವರು. ಅವರ ಕಾರುಗಳು ಒಂದು ಮದುವೆಗೋ ಒಂದು ಆಸ್ಪತ್ರೆಗೋ ಹೊರಗೆ ಬಂದರೆ, ಮತ್ತೆ ತಿಂಗಳುಗಟ್ಟಲೆ ಪೋರ್ಟಿಕೋದಲ್ಲೇ ನಿಲ್ಲುತ್ತಿದ್ದವು. ಆಮೇಲೆ ಒಂದು ದಿನ ಕೀ ತಿರುಗಿಸಿದರೆ, ಮಂಡಿನೋವಿನವರು ಮೆಟ್ಟಿಲು ಹತ್ತುವ ಹಾಗೆ, ಊಂ... ಊಂ... ಎಂದು ಏದುಸಿರು ಬಿಡುತ್ತಿದ್ದವು. ಒಮ್ಮೆ ಒಬ್ಬ ನಿವೃತ್ತ ಮೇಷ್ಟರು ಬಂದರು. ಅದಕ್ಕೆ ಮೊದಲು ಅವರ ಕಾರು ನೋಡಿದ್ದ ಇಬ್ಬರು ಮೆಕ್ಯಾನಿಕ್ಕರೂ ಬ್ಯಾಟರಿ ಬದಲಾಯಿಸಿ ಎಂದಿದ್ದರಂತೆ. ಅಕ್ಕ ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಬ್ಯಾಟರಿಯಿಂದ ಹೊರಟು ಕಾರಿನ ಮೈಗೆ ಸೇರುವ ಅರ್ತ್ ವೈರಿನ ಆ ಕೊನೆಯನ್ನು ಬಿಚ್ಚಿದಳು. ಅದರ ತುದಿ ಹಸಿರು ಹಿಡಿದು ತುಕ್ಕು ತಿಂದಿತ್ತು. ಬಿಸಿನೀರು ಹುಯ್ದು, ಉಪ್ಪುಕಾಗದದಲ್ಲಿ ತಿಕ್ಕಿ, ಬಿಗಿ ಮಾಡಿದಳು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. "ಅಲ್ಲಮ್ಮ, ನಾನು ಬ್ಯಾಟರಿನೇ ಎಸೆದುಬಿಡ್ತಿದ್ದೆನಲ್ಲ" ಎಂದರು ಮೇಷ್ಟರು.

"ಮಾತಾಡೋಕೆ ಬರ್ದೇ ಇರೋದ್ರ ಮೇಲೆ ತಪ್ಪು ಹೊರಿಸೋದು ಸುಲಭ ಸ್ವಾಮಿ" ಎಂದಳು ಅಕ್ಕ. "ಬ್ಯಾಟರಿ ಅಷ್ಟು ಸುಲಭಕ್ಕೆ ಸಾಯಕಿಲ್ಲ. ಇಲ್ಲ ದಾರಿ ಕಟ್ಟಿರುತ್ತೆ, ಇಲ್ಲ ಹಸ್ಕೊಂಡಿರುತ್ತೆ. ನೀವು ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡಿದ್ರೆ, ಮೇವು ಹಾಕ್ದೆ ಹಾಲು ಕರೆದಂಗೆ. ವಾರಕ್ಕೊಂದು ಸಲ ಮುಕ್ಕಾಲು ಗಂಟೆ ಓಡ್ಸಿ."

ಈ ಮಾತನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ ಲೆಕ್ಕವಿಲ್ಲ. ಬ್ಯಾಟರಿ ಸತ್ತಿದೆ ಎಂದು ಅವಳ ಬಾಯಲ್ಲಿ ಬರಬೇಕಾದರೆ ಅದಕ್ಕೆ ಮೊದಲು ಎಲ್ಲ ಪರೀಕ್ಷೆಯೂ ಮುಗಿದಿರಬೇಕಿತ್ತು.

ಅವಳದೇ ಒಂದು ಹಳೆಯ ಬಿಳಿ ಕಾರಿತ್ತು. ಯಾರೋ ಗುಜರಿಗೆ ಹಾಕಲು ಹೊರಟಿದ್ದುದನ್ನು ತಂದು, ಒಂದು ವರ್ಷ ಕೂತು ಒಂದೊಂದೇ ವೈರು ಎಳೆದು ಎಬ್ಬಿಸಿದ್ದಳು. ನನಗೆ ಡ್ರೈವಿಂಗ್ ಕಲಿಸಿದ್ದೂ ಅದರಲ್ಲೇ. "ಕ್ಲಚ್ಚು ನಿಧಾನಕ್ಕೆ ಬುಡೋ, ಅದೇನು ನಿನ್ನ ಹೊಲಿಗೆ ಮಿಷಿನ್ನಾ?" ಎಂದು ತಲೆಗೆ ಮೊಟಕುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಮನೇಲೊಂದು ಮುದಿ ಗಾಡಿ ಸಾಕು" ಎಂದು ಕಾರಿನ ಕಡೆ ಕೈ ತೋರಿಸುತ್ತಿದ್ದಳು.

ಒಂದು ಜ್ಯೇಷ್ಠದಲ್ಲಿ ಅವಳಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಅಂಗಡಿಯನ್ನು ಜೊತೆಗೆ ಕೆಲಸ ಮಾಡುತ್ತಿದ್ದಾತನಿಗೆ ಬಿಟ್ಟು, ನಾನೂ ನನ್ನ ಹೆಂಡತಿಯೂ ಇದ್ದ ಶ್ರೀರಾಂಪುರದ ಮನೆಗೆ ಬಂದಳು. ಮನೆ ಮುಂದೆ ಜಾಗವಿಲ್ಲದ್ದರಿಂದ ಅವಳ ಕಾರನ್ನು ಅಂಗಡಿಯಾತನ ಕೈಲಿ ತರಿಸಿ ಎರಡು ಬೀದಿ ಆಚೆಯ ಖಾಲಿ ಸೈಟಿನಲ್ಲಿ ನಿಲ್ಲಿಸಿ, ನಾನೇ ಹೊಲಿದ ಹೊದಿಕೆ ಹೊದಿಸಿದೆವು. ಅವಳು ನನ್ನಲ್ಲಿ ಕೇಳಿದ್ದು ಒಂದೇ. "ಭಾನುವಾರ ಭಾನುವಾರ ಬೆಟ್ಟದ ಬುಡದ ತಂಕ ಓಡಿಸ್ಕೊಂಡು ಬಾ. ನಾನು ಮಲಗ್ದೆ ಅಂತ ಅದೂ ಮಲಗೋದು ಬ್ಯಾಡ."

ಆಯಿತು ಎಂದೆ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಅದಕ್ಕೂ ಎರಡು ವರ್ಷ ಹಿಂದೆ, ಗಿರಾಕಿಯೊಬ್ಬರ ಕಾರನ್ನು ತಿರುಗಿಸುವಾಗ ಹಾಲಿನವನ ಸೈಕಲ್ಲಿಗೆ ತಾಗಿಸಿದ್ದೆ. ಅವನಿಗೆ ಏನೂ ಆಗಲಿಲ್ಲ, ಕ್ಯಾನು ಮಗುಚಿ ರಸ್ತೆಯೆಲ್ಲ ಹಾಲಾಯಿತು ಅಷ್ಟೇ. ಆದರೆ ಆವತ್ತಿನಿಂದ ಸ್ಟೀರಿಂಗ್ ಹಿಡಿದರೆ ನನ್ನ ಕಾಲು ನಡುಗುತ್ತಿತ್ತು. ಕಲಿಸಿದ ಅಕ್ಕನಿಗೆ ಅದನ್ನು ಹೇಳಲು ನಾಚಿಕೆ. ಭಾನುವಾರ ಬೆಳಿಗ್ಗೆ ಹೋಗಿ, ಹೊದಿಕೆಯನ್ನು ಬಾಗಿಲಿನ ಮಟ್ಟಕ್ಕೆ ಎತ್ತಿ, ಒಳಗೆ ಕೂತು ಸ್ಟಾರ್ಟ್ ಮಾಡುತ್ತಿದ್ದೆ. ಎರಡು ನಿಮಿಷ. ಆಮೇಲೆ ಆಫ್ ಮಾಡಿ, ಮೂಲೆಯ ಟೀ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕಳೆದು ಮನೆಗೆ ಬರುತ್ತಿದ್ದೆ.

ಬಂದರೆ ಅಕ್ಕ ದಿಂಬಿಗೆ ಒರಗಿ ಕಾಯುತ್ತಿದ್ದಳು. "ಏನೇನಿತ್ತು ಹೇಳೋ."

ಹೇಳುತ್ತಿದ್ದೆ. ಬೆಟ್ಟದ ಮೇಲಿನ ಗುಡಿಗೆಂದು ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು, ಬೆಟ್ಟದ ತಲೆಯ ಮೇಲೆ ಕೂತ ಮಂಜು. ಕಂಡು ಗೊತ್ತಿದ್ದುದು ಮುಗಿದ ಮೇಲೆ ಕಟ್ಟಿ ಹೇಳತೊಡಗಿದೆ. ಬುಡದಲ್ಲಿ ಕಡಲೆಕಾಯಿ ಹುರಿಯುವ ಒಬ್ಬ ಅಜ್ಜಿಯನ್ನು ಹುಟ್ಟಿಸಿದೆ. ಚೌಕಾಸಿ ಮಾಡಿದವರಿಗೆ, "ನಿಂಗ್ ಹಲ್ಲೇ ಇಲ್ಲ, ನಿಂಗ್ಯಾಕೆ ಕಡ್ಲೆಕಾಯಿ, ಹೋಗು" ಎಂದು ಬೈಯುವ ಅಜ್ಜಿ. ಅಕ್ಕ ಅರ್ಧ ಬಾಯಲ್ಲೇ ನಗುತ್ತಿದ್ದಳು. ಪ್ರತಿ ವಾರ ಅಜ್ಜಿ ಇವತ್ತು ಯಾರಿಗೆ ಬೈದಳು ಎಂದು ಕೇಳುತ್ತಿದ್ದಳು. ಟೀ ಅಂಗಡಿಯಲ್ಲಿ ಕೂತು ನಾನು ಬೈಗುಳ ಯೋಚಿಸುತ್ತಿದ್ದೆ.

ಆಯುಧಪೂಜೆ ಬಂತು. ಕಾರು ತೊಳೆದು, ಕುಂಕುಮವಿಟ್ಟು, ನಾಲ್ಕು ಗಾಲಿಯ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟೆ. ಅದರ ಮೇಲೆ ಗಾಡಿ ಹತ್ತಿಸಿ ಒಂದು ಸುತ್ತು ಹೋಗಿ ಬಂದರೆ ಪೂಜೆ ಮುಗಿದಂತೆ. ಬೀದಿ ತುಂಬ ಜನ, ಮಕ್ಕಳು, ಬಾಳೆಕಂದು ಕಟ್ಟಿದ ಗಾಡಿಗಳು. ಕ್ಲಚ್ಚಿನ ಮೇಲಿಟ್ಟ ಕಾಲು ತಡೆಯದೆ ಕುಣಿಯಿತು. ಆಫ್ ಮಾಡಿ ಇಳಿದು ಹೊದಿಕೆ ಎಳೆದುಬಿಟ್ಟೆ. ಪ್ರಸಾದ ಕೊಟ್ಟಾಗ ಅಕ್ಕ, "ನಿಂಬೆಹಣ್ಣು ಟಪ್ ಅಂತಾ?" ಎಂದಳು. ಆ ಸದ್ದೆಂದರೆ ಅವಳಿಗೆ ಚಿಕ್ಕಂದಿನಿಂದ ಇಷ್ಟ.

"ನಾಲ್ಕೂ ಒಡೆದ್ವು ಅಕ್ಕ" ಎಂದೆ.

ಸಂಕ್ರಾಂತಿ ಕಳೆದ ಭಾನುವಾರ, ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅಕ್ಕ, "ಇವತ್ತು ನಾನೂ ಬತ್ತೀನಿ ಕಣೋ" ಎಂದಳು.

"ಎಲ್ಲಿಗೆ?"

"ಬೆಟ್ಟದ ಬುಡಕ್ಕೆ. ಆ ಅಜ್ಜಿ ಕೈಲಿ ಒಂದ್ಸಲ ನಾನೂ ಬೈಸ್ಕೊಬೇಕು."

ಆಟೋದಲ್ಲಿ ಹೋಗೋಣ ಎಂದೆ. "ಆಟೋದಲ್ಲಿ ಹೋಗೋಕೆ ನಿನ್ನನ್ಯಾಕೆ ಕೇಳ್ಬೇಕಿತ್ತು? ನನ್ ಗಾಡೀಲಿ ಹೋಗ್ಬೇಕು" ಎಂದಳು. ಮನೆ ಸೇರಿದ ಮೇಲೆ ಅವಳು ತನಗೆಂದು ಬಾಯಿಬಿಟ್ಟು ಏನನ್ನೂ ಬಯಸಿದ್ದಿಲ್ಲ. ಗಾಲಿಕುರ್ಚಿಯಲ್ಲಿ ಕೂರಿಸಿ ಎರಡು ಬೀದಿ ತಳ್ಳಿಕೊಂಡು ಹೋದೆ. ದಾರಿಯುದ್ದಕ್ಕೂ ನನಗೆ ಅಜ್ಜಿಯದೇ ಚಿಂತೆ. ಇಲ್ಲದ ಅಜ್ಜಿಯನ್ನು ಎಲ್ಲಿಂದ ತರಲಿ?

ಅಕ್ಕನ ಕುರ್ಚಿಯನ್ನು ಕಾರಿನ ಮುಂದೆ ನಿಲ್ಲಿಸಿ, ಹೊದಿಕೆ ತೆಗೆದು, ಕೀ ತಿರುಗಿಸಿದೆ. ಊಂ... ಊಂ... ಎಂದು ನಿಂತುಹೋಯಿತು.

"ಹೆಡ್‌ಲೈಟ್ ಹಾಕ್ಕೊಂಡು ಸೆಲ್ಫ್ ಹೊಡಿ" ಎಂದಳು. ಅವಳ ದನಿಯಲ್ಲಿ ಅಂಗಡಿಯ ಅಕ್ಕ ಎದ್ದು ಕೂತಿದ್ದಳು. ಹೊಡೆದೆ. ಲೈಟು ಪೂರಾ ಮಂಕಾಯಿತು. "ಟರ್ಮಿನಲ್ ಬಿಚ್ಚಿ ತಿಕ್ಕು. ಅರ್ತ್ ವೈರೂ ತಿಕ್ಕು." ಡಿಕ್ಕಿಯಿಂದ ಸ್ಪಾನರು ತಂದು, ಅವಳು ಹೇಳಿದಂತೆಲ್ಲ ಮಾಡಿ, ಬಿಗಿ ಮಾಡಿದೆ. ಮತ್ತೆ ಅದೇ ಊಂ.

"ದಾರಿ ಸರಿಯಾಗಿದೆ. ಹಂಗಾದ್ರೆ ಹಸ್ಕೊಂಡಿದೆ. ಓಡಿಸೋವಾಗ ಕೆಂಪು ಬ್ಯಾಟರಿ ದೀಪ ಹತ್ಕೊಂಡಿತ್ತಾ?"

"ಇಲ್ಲ ಅಕ್ಕ."

"ಚಾರ್ಜೂ ಆಗ್ತಿದೆ. ವಾರವಾರ ಮುಕ್ಕಾಲು ಗಂಟೆ ಓಡಿರೋ ಗಾಡಿ ಹಸ್ಕೊಳೋದು ಹೆಂಗೆ?"

ಅದು ನನ್ನನ್ನು ಕೇಳಿದ್ದಲ್ಲ ಅಂದುಕೊಂಡೆ. ಗಾಡಿಯ ಮುಂದೆ ಕೂತರೆ ತನ್ನಷ್ಟಕ್ಕೆ ವಾದ ಮಾಡಿಕೊಳ್ಳುವುದು ಅವಳ ಅಭ್ಯಾಸ. ಹಾಗೆ ಹೇಳುತ್ತಾ ತಲೆ ಬಗ್ಗಿಸಿದಳು. ಅವಳ ಕಣ್ಣು ಹೋದ ಕಡೆ ನಾನೂ ನೋಡಿದೆ. ಮುಂದಿನ ಗಾಲಿಗೆ ಅಂಟಿಕೊಂಡಂತೆ ಆಯುಧಪೂಜೆಯ ನಿಂಬೆಹಣ್ಣು ಕೂತಿತ್ತು. ಒಣಗಿ, ಕಪ್ಪಾಗಿ, ಗೋಲಿಯಷ್ಟಾಗಿತ್ತು. ಒಡೆದಿರಲಿಲ್ಲ.

"ಹೋದ್ ಭಾನುವಾರ ಎಲ್ಲೀ ತಂಕ ಹೋಗಿದ್ದೆ?" ಎಂದಳು. ಗದರಲಿಲ್ಲ. ಊಟ ಮಾಡಿದೆಯಾ ಎಂದು ಕೇಳುವ ದನಿ.

ಆಗಲಾದರೂ ಹೇಳಬಹುದಿತ್ತು. ಹೇಳು ಎಂದೇ ಅವಳು ಕೇಳಿದ್ದು. ನನ್ನ ಬಾಯಿ, "ಬೆಟ್ಟದ ಬುಡದವರೆಗೆ ಅಕ್ಕ" ಎಂದಿತು.

ಅವಳು ಬಾನೆಟ್ಟಿನ ಒಳಗಿನ ಬ್ಯಾಟರಿಯ ಕಡೆ ನೋಡಿದಳು. ಆಮೇಲೆ, "ಹಂಗಾದ್ರೆ ಬ್ಯಾಟರಿದೇ ತಪ್ಪು ಬುಡು. ಸತ್ತೋಗಿದೆ" ಎಂದಳು. ನಾನು ಹೊದಿಕೆ ಎತ್ತಿಕೊಂಡಾಗ, "ಈ ಕಡೆ ಗಾಲಿ ಮೊದ್ಲು ಮುಚ್ಚು" ಎಂದಳು.

ಬ್ಯಾಟರಿಯನ್ನು ನಾಳೆ ಅಂಗಡಿಗೆ ಒಯ್ಯುತ್ತೇನೆ ಎಂದೆ. ಒಯ್ಯಲಿಲ್ಲ. ಅಲ್ಲಿ ಪರೀಕ್ಷೆ ಮಾಡಿದರೆ ನಿಜ ಹೊರಬೀಳುತ್ತದೆಂಬ ಭಯ. ನಾಳೆ, ನಾಡಿದ್ದು ಎನ್ನುತ್ತಾ ಮೂರು ವಾರ ದಾಟಿತು. ಅಕ್ಕ ಮತ್ತೆ ಕೇಳಲಿಲ್ಲ. ನಾಲ್ಕನೇ ವಾರ ಎರಡನೇ ಸಲ ಲಕ್ವ ಹೊಡೆದು, ಮಾತು ನಿಂತು, ಎರಡು ದಿನಕ್ಕೆ ಹೋಗಿಬಿಟ್ಟಳು. ಮೈ ತೊಳೆಯುವಾಗ ಕಿವಿಯ ಹಿಂದೆ ನೋಡಿದೆ. ಬೊಟ್ಟು ಇರಲಿಲ್ಲ. ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತಲ್ಲ.

ತಿಥಿ ಮುಗಿದ ಮೇಲೆ ಬ್ಯಾಟರಿ ಬಿಚ್ಚಿಕೊಂಡು ಅವಳ ಅಂಗಡಿಗೆ ಹೋದೆ. ಈಗ ಅಂಗಡಿ ನಡೆಸುವಾತ ಒಂದು ದಿನ ಚಾರ್ಜಿಗೆ ಹಾಕಿ, ಪರೀಕ್ಷೆ ಮಾಡಿ, "ಇದು ಸತ್ತಿಲ್ಲ ಕಣಣ್ಣ, ಹಸ್ಕೊಂಡಿತ್ತು ಅಷ್ಟೇ. ಯಾರಂದಿದ್ದು ಸತ್ತಿದೆ ಅಂತ?" ಎಂದ.

"ಅಕ್ಕ" ಎಂದೆ.

"ಅಕ್ಕಾವ್ರಾ? ಅವ್ರು ಹಂಗನ್ನಲ್ಲ ಬುಡಿ."

ಮನೆಗೆ ಬಂದು ನನ್ನ ಹೆಂಡತಿಗೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಅತ್ತಿಗೆಗೆ ಮೂರನೇ ವಾರಕ್ಕೇ ಗೊತ್ತಾಗಿತ್ತು ಕಣ್ರೀ" ಎಂದಳು. "'ನಿನ್ ಗಂಡ ಬೆಟ್ಟದ ಕತೆ ಎಲ್ಲ ಹೇಳ್ತಾನೆ, ಗಾಡಿನ ಒಂದ್ಸಲಾನೂ ಬಯ್ಯಕಿಲ್ವಲ್ಲೇ. ಆ ಮುದಿ ಗಾಡಿ ಓಡ್ಸಿದವನು ಬಯ್ದೇ ಇರಕಾಯ್ತದಾ?' ಅಂದ್ರು. ಕೇಳೋದಲ್ವಾ ಅಂದೆ. 'ಅವನಾಗೇ ಹೇಳ್ಲಿ. ಅಲ್ಲೀ ತಂಕ ಅಜ್ಜಿ ಇರ್ಲಿ ಬುಡು' ಅಂದ್ರು."

ಅಕ್ಕ ಕಾದಳು. ನಾನು ಹೇಳಲಿಲ್ಲ. ಜೀವಮಾನವೆಲ್ಲ ಯಾವ ಮೂಕ ವಸ್ತುವಿನ ಪರ ಮಾತಾಡಿದ್ದಳೋ, ನನ್ನ ಮುಖ ಉಳಿಸಲು ಅದರ ಮೇಲೇ ಸುಳ್ಳು ತಪ್ಪು ಹೊರಿಸಿ ಹೋದಳು.

ಆ ಬ್ಯಾಟರಿ ಈಗಲೂ ಅದೇ ಕಾರಿನಲ್ಲಿದೆ. ಮೊದಲ ಭಾನುವಾರ ಸೈಟಿನಿಂದ ರಸ್ತೆಗೆ ಇಳಿಸುವುದಕ್ಕೇ ನನಗೆ ಅರ್ಧ ಗಂಟೆ ಹಿಡಿಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಸಿಕ್ಕಿದ್ದು ಗೊತ್ತಾಯಿತು. ಅಷ್ಟು ಒಣಗಿದ್ದಕ್ಕೆ ಸದ್ದೂ ಬರಲಿಲ್ಲ. ಕಾಲು ಈಗಲೂ ನಡುಗುತ್ತದೆ. ಆದರೂ ವಾರವಾರ ಬೆಟ್ಟದ ಬುಡದ ತನಕ ಹೋಗಿ, ಮರದ ನೆರಳಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಅಲ್ಲಿ ಚುರುಮುರಿ ಮಾರುವ ಒಬ್ಬಾತ ಇದ್ದಾನೆ. ಬಹಳ ಮೆದು ಮಾತಿನವನು, ಯಾರಿಗೂ ಬೈಯುವುದಿಲ್ಲ. ವಾಪಸ್ ಬರುವಾಗ ಎರಡನೇ ಗೇರು ಕರಕರ ಎನ್ನುತ್ತದೆ, ಎಷ್ಟು ಒತ್ತಿದರೂ ಬೀಳುವುದಿಲ್ಲ. "ದರಿದ್ರ ಗಾಡಿ" ಎಂದು ಗಟ್ಟಿಯಾಗಿ ಬೈಯುತ್ತೇನೆ. ಪಕ್ಕದ ಸೀಟಿನಲ್ಲಿ ಅದನ್ನು ಕೇಳಬೇಕಾಗಿದ್ದವಳು ಇಲ್ಲ.