ಬಾಗಿಲವರೆಗಿನ ಇಂಗ್ಲಿಷ್

ಕೇಳಿ ದೋಸ್ತರೇ, ಅರವತ್ತರ ದಶಕದಲ್ಲಿ ಹಳ್ಳಿಶಾಲೆಗಳಲ್ಲಿ ಇಂಗ್ಲಿಷ್ ಹೇಗೆ ಕಲಿಸುತ್ತಿದ್ದರೆಂದು ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಇವತ್ತು ಹಿರೇಗುತ್ತಿಯ ನಮ್ಮ ಮನೆಗೆ ಬಂದಿದ್ದಳು. ಆ ಕಾಲದಲ್ಲಿ ಕಲಿತ ಇಂಗ್ಲಿಷ್ ಪಂಡಿತ ಈ ಸೀಮೆಗೆ ನಾನೊಬ್ಬನೇ ಎಂದು ನಾನೇ ಹೇಳಿ ಕರೆಸಿದ್ದು. ಮದುವೆಯಾದಾಗಿನಿಂದ ಈ ಮಾತು ಕೇಳುತ್ತಲೇ ಬಂದ ಹೆಂಡತಿ, ಇವತ್ತು ಪರೀಕ್ಷೆ ಆಗಿಯೇ ಹೋಗಲೆಂದು ಎದುರಿಗೇ ಕೂತಳು.

“ಒಂದು ವಾಕ್ಯ ಹೇಳಿ ಸರ್,” ಎಂದು ಹುಡುಗಿ ಮೊಬೈಲ್ ಮುಂದಿಟ್ಟಳು.

ಬಾಯಿ ತೆರೆದೆ, ಏನೂ ಬರಲಿಲ್ಲ. ಎದ್ದು ನಡೆಯತೊಡಗಿದೆ ನೋಡಿ, ತಾನಾಗಿ ಬಂತು: “ಐ ಆ್ಯಮ್ ಗೋಯಿಂಗ್ ಟು ದ ಡೋರ್!”

ನಮ್ಮ ಮಾಸ್ತರರು ಕಲಿಸಿದ್ದೇ ಹಾಗೆ. ಒಂದೊಂದು ಕೆಲಸ ಮಾಡುತ್ತಲೇ ಅದರ ವಾಕ್ಯ ಹೇಳಬೇಕು, ಇಡೀ ವರ್ಗ ಅದನ್ನೇ ಕೂಗಬೇಕು.

“ಕೂತ್ಕಂಡು ಹೇಳೂಕೆ ಆಗುದಿಲ್ವಾ ನಿಮ್ಗೆ?” ಎಂದಳು ಹೆಂಡತಿ.

“ಕೂತ್ರೆ ‘ಐ ಆ್ಯಮ್ ಸಿಟ್ಟಿಂಗ್’ ಒಂದೇ ಬರೂದು ಮಾರಾಯ್ತಿ!”

ಹುಡುಗಿಗೆ ಖುಷಿಯೋ ಖುಷಿ. ಇಂಗ್ಲಿಷಿನಲ್ಲೇ ಒಂದು ಉದ್ದನೆಯ ಪ್ರಶ್ನೆ ಕೇಳಿಬಿಟ್ಟಳು. ನಾನು ಗಂಭೀರವಾಗಿ “ಐ ಆ್ಯಮ್ ಓಪನಿಂಗ್ ದ ಡೋರ್” ಎಂದು ಬಾಗಿಲು ತೆರೆದು ಹೊರಟುಬಂದೆ.

ಈಗ ಚಾ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ಮನೆ ಕಡೆ ಹೋದವರು ಆ ಹುಡುಗಿ ಹೊರಟಳೋ ಇಲ್ಲವೋ ನೋಡಿ ತಿಳಿಸಿ. ಒಳಗೆ ಹೋಗುವ ವಾಕ್ಯವೂ ನನಗೆ ಚೆನ್ನಾಗಿಯೇ ಬರುತ್ತದೆ.